ಡಿ ವರ್ಗದ ಚೀಟಿಗಳು

ಇಂಡಿ,
12 ಜನವರಿ 2025

ಚಿ. ಸೌ. ವಿದ್ಯಾವತಿಗೆ ಅಪ್ಪನ ಆಶೀರ್ವಾದ.

ಫೋನು ಮಾಡುವುದು ಬಿಟ್ಟು ಕಾಗದ ಯಾಕೆ ಎಂದು ನೀನು ಕೇಳುತ್ತೀ. ಫೋನಿನಲ್ಲಿ ಆಡಿದ ಮಾತಿಗೆ ದಾಖಲೆ ಇರುವುದಿಲ್ಲ. ಇದ್ದರೂ ಅದು ಯಾರ ಕೈಯಲ್ಲಿದೆ ಎಂದು ನಮಗೆ ಗೊತ್ತಿರುವುದಿಲ್ಲ. ಮೂವತ್ತೊಂದು ವರ್ಷ ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಕೂತು ಬಂದವನು ನಾನು. ಈ ಕಾಗದಕ್ಕೂ ಕೆಳಗೆ ಕಾರ್ಬನ್ ಇಟ್ಟಿದ್ದೇನೆ.

ನಿನ್ನ ಅವ್ವ ಹೋಗಿ ಮೊನ್ನೆಗೆ ಎರಡು ತಿಂಗಳು. ಆ ಸಂಕಟ ಬರೆಯಲು ಕೂತಿಲ್ಲ. ಮ್ಯಾಟರ್ ಬೇರೆ ಇದೆ.

ಅವಳ ಚೀಟಿಗಳ ವಿಷಯ. ಲಾಕ್‌ಡೌನಿನಲ್ಲಿ ನೀನೇ ಅವಳ ಫೋನಿಗೆ ಒಂದು ಟಿಪ್ಪಣಿ ಆ್ಯಪ್ ಹಾಕಿಕೊಟ್ಟೆಯಲ್ಲ. ಅವಳು ಬಾಯಿಂದ ಹೇಳುತ್ತಿದ್ದಳು, ಅದು ಕನ್ನಡದಲ್ಲಿ ಬರೆದುಕೊಳ್ಳುತ್ತಿತ್ತು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ ನಾಲ್ಕೂ ತಾಲ್ಲೂಕಿನ ಬೀಗತನ ಅದರಲ್ಲಿದೆ. ಯಾರ ಮಗಳನ್ನು ಎಲ್ಲಿಗೆ ಕೊಟ್ಟಿದ್ದಾರೆ, ಯಾರ ತವರು ಎಲ್ಲಿ, ಯಾವ ಅತ್ತೆಯ ಬಾಯಿ ಹೇಗೆ, ಎಲ್ಲ. ನಿಶ್ಚಯ ಮಾಡಿಕೊಳ್ಳುವ ಮೊದಲು ಮಂದಿ ನಮ್ಮ ಪಡಸಾಲೆಗೆ ಬಂದು, "ಅಕ್ಕಾರ, ಆ ಮನಿ ಹ್ಯಾಂಗ್ರಿ?" ಎಂದು ಕೇಳಿ ಚಹಾ ಕುಡಿದು ಹೋಗುತ್ತಿದ್ದರು. ಈಗಲೂ ಬರುತ್ತಾರೆ. ನನ್ನ ಹತ್ತಿರ ಚಹಾ ಮಾತ್ರ ಇದೆ.

ಅದಕ್ಕೇ ಮನೆಯ ಕಂಪ್ಯೂಟರಿನಲ್ಲಿ ತೆರೆದು ನೋಡಿದೆ. ಫೋನಿನಲ್ಲಿದ್ದದ್ದೇ ಇದರಲ್ಲೂ ಬರುವಂತೆ ನೀನೇ ಮಾಡಿಟ್ಟಿದ್ದೆ. ನಾನೂರ ಹದಿನೇಳು ಚೀಟಿ. ಕಪಾಟಿಲ್ಲ, ಗಂಟಿಲ್ಲ, ನಂಬರಿಲ್ಲ, ಎಲ್ಲ ಒಂದೇ ರಾಶಿ. ಪ್ರತಿ ಚೀಟಿಯಲ್ಲೂ ನೀಲಿ ಅಕ್ಷರ. ಅದನ್ನು ಒತ್ತಿದರೆ ಇನ್ನೊಂದು ಚೀಟಿ, ಅಲ್ಲಿ ಒತ್ತಿದರೆ ಮತ್ತೊಂದು. ಸ್ಟೇಷನ್ ರೋಡಿನ ಗಿರಣಿಯವರ ಮನೆಯಿಂದ ಹೊರಟೆ. ಅವರ ಸೊಸೆಯ ತವರು ಸಿಂದಗಿಗೆ ಹೋಯಿತು, ಅಲ್ಲಿಂದ ಯಾರದೋ ಬಾಣಂತನಕ್ಕೆ, ಅಲ್ಲಿಂದ ಒಂದು ಪಲ್ಯಕ್ಕೆ, ಕೊನೆಗೆ "ಇವರಿಗೆ ಬದನಿಕಾಯಿ ಆಗಂಗಿಲ್ಲ" ಎಂಬ ಚೀಟಿಗೆ ಬಂದು ನಿಂತಿತು. ನಾನು ಹುಡುಕಲು ಹೊರಟದ್ದು ಗಿರಣಿಯವರ ಮಗನನ್ನು. ಸಿಕ್ಕವನು ನಾನು.

ಇದು ಆರ್ಡರ್ ಅಲ್ಲ ವಿದ್ಯಾ. ನಾನು ಹಚ್ಚುತ್ತೇನೆ ಆರ್ಡರ್. ತಾಲ್ಲೂಕು, ಅದರೊಳಗೆ ಊರು, ಅದರೊಳಗೆ ಮನೆತನ, ಅದರೊಳಗೆ ಮನುಷ್ಯರು. ಬಿ.ಎ.ದಲ್ಲಿ ನಮ್ಮ ಇಂಗ್ಲಿಷ್ ಸರ್ ಹೇಳುತ್ತಿದ್ದರು, "ಎ ಪ್ಲೇಸ್ ಫಾರ್ ಎವ್ರಿಥಿಂಗ್" ಎಂದು. ಮುಂದಿನ ಅರ್ಧ ಮರೆತಿದೆ. ಮೊದಲಿನ ಅರ್ಧ ಸಾಕು.

ಇನ್ನೊಂದು. ಕಾರ್ಯ ಮುಗಿದ ಮರುದಿನ ಅವಳ ಫೋನನ್ನು ನೀನು ಚೀಲದಲ್ಲಿ ಹಾಕಿಕೊಂಡು ಹೋದೆ. ನಾನು ನೋಡಿದೆ, ಕೇಳಲಿಲ್ಲ. ಯಾಕೆ ಒಯ್ದೆ? ಜಸ್ಟ್ ಆಸ್ಕಿಂಗ್.

ಇತಿ,
ನಿನ್ನ ಅಪ್ಪ ಗುರುಲಿಂಗಪ್ಪ


ಮುದ್ದೇಬಿಹಾಳ,
21 ಜನವರಿ 2025

ಅಪ್ಪಾ,

ಶಾಲೆಯ ಸ್ಟಾಫ್ ರೂಮಿನಲ್ಲಿ ಕೂತು ಬರೆಯುತ್ತಿದ್ದೇನೆ. ಪೋಸ್ಟಿನಲ್ಲಿ ಕೇಳಿದವರಿಗೆ ಪೋಸ್ಟಿನಲ್ಲೇ ಉತ್ತರ.

ಚೀಟಿಗಳನ್ನು ದಯಮಾಡಿ ಮುಟ್ಟಬೇಡಿರಿ. ಆ್ಯಪ್ ಕಲಿಸುವಾಗ ನಾನೂ ಅವ್ವನಿಗೆ ಫೋಲ್ಡರ್ ಮಾಡೋಣ ಎಂದಿದ್ದೆ. ಅವಳು ಏನಂದಳು ಗೊತ್ತೇ? "ನಾ ಸಿಂದಗ್ಯಾಗ ಹುಟ್ಟಿದಾಕಿ, ಇಂಡಿಗೆ ಬಂದಾಕಿ. ನನ್ನ ಯಾವ ಕಪಾಟಿನಾಗ ಇಡ್ತಿ? ಗಂಡಸರನ್ನ ಇಡು, ಅವರು ಇಟ್ಟಲ್ಲೇ ಇರ್ತಾರ." ನೀವು ಅಲ್ಲೇ ಪೇಪರ್ ಓದುತ್ತ ಕೂತಿದ್ದಿರಿ. ಕೇಳಿಸಿಕೊಳ್ಳಲಿಲ್ಲ.

ನಿಮ್ಮ ರೆಕಾರ್ಡ್ ರೂಮಿನಲ್ಲಿ ಒಂದು ಕಾಗದ ಒಂದೇ ಗಂಟಿನಲ್ಲಿ ಇರಬೇಕು. ಇಲ್ಲಿ ಹಾಗಿಲ್ಲ. ಒಬ್ಬಳದೇ ಚೀಟಿ ತವರಿನ ಬಾಗಿಲಲ್ಲೂ ನಿಲ್ಲುತ್ತದೆ, ಗಂಡನ ಮನೆಯ ಬಾಗಿಲಲ್ಲೂ ನಿಲ್ಲುತ್ತದೆ. ಒಂದು ಚೀಟಿ ತೆರೆದರೆ ಅದಕ್ಕೆ ಎಲ್ಲೆಲ್ಲಿಂದ ದಾರಿ ಇದೆ ಎಂದು ಪಕ್ಕದಲ್ಲಿ ತೋರಿಸುತ್ತದೆ. ಅವ್ವ ಅದಕ್ಕೆ "ಬೀಗರ ಪಟ್ಟಿ" ಎನ್ನುತ್ತಿದ್ದಳು. ನಿಮಗೆ ರಾಶಿ ಅನ್ನಿಸಿದ್ದು ಅವಳಿಗೆ ಓಣಿ.

ಫೋನಿನಲ್ಲಿ ಅವಳ ದನಿ ಇದೆ. ಅದಕ್ಕೆ ಒಯ್ದೆ. ಇನ್ನೂ ತೆರೆಯಲು ಧೈರ್ಯ ಆಗಿಲ್ಲ.

ನಿಮ್ಮ
ವಿದ್ಯಾ


ಇಂಡಿ,
16 ಫೆಬ್ರವರಿ 2025

ಚಿ. ಸೌ. ವಿದ್ಯಾವತಿಗೆ,

ನಿನ್ನ ಕಾಗದ ಬಂತು. ಲಕೋಟೆಯ ಅಂಟು ಒಮ್ಮೆ ಬಿಚ್ಚಿ ಮತ್ತೆ ಹಚ್ಚಿದಂತೆ ಕಂಡಿತು. ಇರಲಿ.

ಕೆಲಸ ಮುಗಿಸಿದ್ದೇನೆ. ಏಳರಿಂದ ಒಂಬತ್ತನೇ ತಾರೀಖಿನವರೆಗೆ ಮೂರು ದಿನ, ಬೆಳಿಗ್ಗೆ ಹತ್ತರಿಂದ ಸಂಜೆ ಐದೂವರೆ, ಆಫೀಸ್ ಟೈಮಿಂಗ್. ನಾಲ್ಕು ತಾಲ್ಲೂಕಿಗೆ ನಾಲ್ಕು ಫೋಲ್ಡರು, ಒಳಗೆ ಊರಿನ ಫೋಲ್ಡರು, ಅದರೊಳಗೆ ಮನೆತನ. ನೋಡಿದರೆ ಕಣ್ಣು ತಣ್ಣಗಾಗುತ್ತದೆ. ನಿಯಮದ ಪ್ರಕಾರ ವರ್ಗವನ್ನೂ ಮಾಡಿದೆ. ಎ ವರ್ಗ ಶಾಶ್ವತವಾಗಿ ಇಡುವುದು, ಬಿ ಮತ್ತು ಸಿ ಕೆಲವು ವರ್ಷ, ಡಿ ವರ್ಗ ನಾಶ ಮಾಡುವುದು. ಒಂದೇ ಸಾಲಿನ ಚೀಟಿಗಳು ಬಹಳ ಇದ್ದವು. ನೂರ ಹನ್ನೆರಡು. ಒಂದು ಸಾಲಿನಲ್ಲಿ ಏನು ದಾಖಲೆ ಇರಲು ಸಾಧ್ಯ? ಎಲ್ಲ ಡಿ. ತೆಗೆದು ಹಾಕಿ ಕಸದ ಡಬ್ಬಿಯನ್ನೂ ಖಾಲಿ ಮಾಡಿದೆ. ಅರ್ಧ ಕೆಲಸ ಮಾಡಿ ನನಗೆ ಗೊತ್ತಿಲ್ಲ.

ಈಗ ಮುಖ್ಯ ವಿಷಯ. ಗಮನವಿಟ್ಟು ಓದು.

ಒಂದು. ಪ್ರತಿ ಚೀಟಿಯ ತಲೆಯ ಮೇಲೆ ಕೊನೆಯ ಸಲ ತಿದ್ದಿದ ತಾರೀಖು ಇರುತ್ತದೆ. ನಾನು ಕೈ ಹಚ್ಚದೇ ಬಿಟ್ಟ ಅರವತ್ತೊಂದು ಚೀಟಿಗಳಲ್ಲಿ 9 ಫೆಬ್ರವರಿ ಎಂದಿದೆ. ಸತ್ತವಳು ಫೆಬ್ರವರಿಯಲ್ಲಿ ತಿದ್ದಲಾರಳು. ನಾನು ತಿದ್ದಿಲ್ಲ. ಪಾಸ್‌ವರ್ಡ್ ಗೊತ್ತಿದ್ದವರು ಮೂವರು.

ಎರಡು. "ಬಾಗೇವಾಡಿ ಬಸ್ಸು" ಎಂಬ ಚೀಟಿ ಸಿಕ್ಕಿತು. ಅದರ ಕೊನೆಯಲ್ಲಿ ನೀಲಿ ಅಕ್ಷರದಲ್ಲಿ "ಇವರಿಗೆ ಹೇಳಬಾರದು" ಎಂದಿದೆ. ಒತ್ತಿದೆ. ಬಿಳಿ ಹಾಳೆ ಬಂತು. ಒಂದಕ್ಷರ ಇಲ್ಲ. ಯಾರೋ ಒಳಗಿನದನ್ನು ತೆಗೆದಿದ್ದಾರೆ.

"ಇವರು" ಎಂದರೆ ಈ ಮನೆಯಲ್ಲಿ ಒಬ್ಬನೇ. ನಲವತ್ತೈದು ವರ್ಷ ಅವಳು ನನ್ನ ಹೆಸರು ಹಿಡಿದಿಲ್ಲ.

ಪ್ರೈಮಾ ಫೇಸೀ ಕೇಸು ನಿನ್ನ ಮೇಲೆ ನಿಲ್ಲುತ್ತದೆ. ಏನು ಅಳಿಸಿದ್ದೀ, ಯಾಕೆ ಅಳಿಸಿದ್ದೀ, ಲಿಖಿತ ಉತ್ತರ ಕೊಡು.

ಗುರುಲಿಂಗಪ್ಪ


ಇಂಡಿ,
18 ಮಾರ್ಚ್ 2025

ವಿದ್ಯಾವತಿಗೆ,

ಮೂವತ್ತು ದಿನವಾಯಿತು, ಉತ್ತರವಿಲ್ಲ. ಸೈಲೆನ್ಸ್ ಎಂದರೆ ಅರ್ಧ ಒಪ್ಪಿಗೆ. ಪಾಸ್‌ವರ್ಡ್ ಬದಲಿಸಿದ್ದೇನೆ.

ಈ ನಡುವೆ ನನ್ನ ಮಾನ ಹೋಯಿತು. ಚಡಚಣದ ದ್ರಾಕ್ಷಿ ತೋಟದವರು ಮಗನಿಗೆ ದೇವರ ಹಿಪ್ಪರಗಿಯ ಹುಡುಗಿಯನ್ನು ನೋಡಿದ್ದರು. ಕೇಳಲು ಬಂದರು. ನಾನು ಠೀವಿಯಿಂದ ಕಂಪ್ಯೂಟರಿನ ಮುಂದೆ ಕೂತೆ. ಹಳೆಯ ಲೆಕ್ಕದಂತೆ ಸಿಂದಗಿ ತಾಲ್ಲೂಕು ತೆರೆದೆ, ಊರು ತೆರೆದೆ, ಮನೆತನ ತೆರೆದೆ. ಒಳ್ಳೆಯ ಮನೆ, ನೋ ಅಬ್ಜೆಕ್ಷನ್ ಎಂದೆ. ನಿಶ್ಚಯಕ್ಕೆ ಹೂಹಣ್ಣು ಒಯ್ಯುವ ಮುನ್ನಾದಿನ ಯಾರೋ ಮುದುಕಿ ಹೇಳಿದಳಂತೆ, ಹುಡುಗನ ಅಜ್ಜಿ, ಹುಡುಗಿಯ ಅಜ್ಜಿ, ಇಬ್ಬರೂ ತಾಯಿಯ ತಾಯಂದಿರು, ಸಿಂದಗಿಯ ಒಡಹುಟ್ಟಿದ ಅಕ್ಕತಂಗಿಯರು. ಒಬ್ಬಳನ್ನು ಸಣ್ಣವಳಿದ್ದಾಗಲೇ ದತ್ತು ಕೊಟ್ಟಿದ್ದರು, ಹಾಗಾಗಿ ಮಂದಿ ಮರೆತಿದ್ದರು. ವರಸೆಯಲ್ಲಿ ಅಣ್ಣ ತಂಗಿ ಆದವರಿಗೆ ನಾನು ಮದುವೆ ಪಾಸು ಮಾಡಿದ್ದೆ. ಹುಡುಗನ ತಂದೆ ತಿರುಗಿ ಬಂದು ನಿಂತೇ ಮಾತಾಡಿದ: "ಅಕ್ಕಾರು ಇದ್ದಿದ್ರ ಹಿಂಗ ಆಗತಿರಲಿಲ್ರೀ. ಅವರು ಮನಷ್ಯಾರನ್ನ ತೋರಸ್ತಿದ್ರು. ನೀವು ಕಪಾಟು ತೋರಿಸಿದ್ರಿ." ಚಹಾ ಕುಡಿಯಲಿಲ್ಲ.

ಎರಡೂ ಮನೆಯನ್ನು ಕೂಡಿಸುವ ಚೀಟಿ ಖಂಡಿತ ಇದ್ದಿರಬೇಕು. ಅದನ್ನೂ ನೀನೇ ಅಳಿಸಿದೆಯೋ?

"ಬಾಗೇವಾಡಿ ಬಸ್ಸು" ಚೀಟಿಯನ್ನು ಮತ್ತೆ ಓದಿದೆ. "ತಿಂಗಳ ಮೊದಲ ಸೋಮವಾರ, ಒಂಬತ್ತು ಹತ್ತರ ಗಾಡಿ, ಕಿಟಕಿ ಕಡೆ." ಮೊದಲ ಸೋಮವಾರ ಅವಳು ನನಗೆ ಹೇಳುತ್ತಿದ್ದದ್ದು, "ವಿದ್ಯಾನ ಕಡೆ ಹೋಗಿ ಬರ್ತೇನ್ರಿ." ನೀನು ಫೋನಿನಲ್ಲಿ, "ಹೌದು ಅಪ್ಪಾ, ಬಂದಾಳ" ಎನ್ನುತ್ತಿದ್ದೆ. ಅಂದರೆ ನೀವಿಬ್ಬರೂ ಸೇರಿ ನನಗೆ ಎಷ್ಟು ವರ್ಷ ಸುಳ್ಳು ಹೇಳಿದಿರಿ?

ಬಾಗೇವಾಡಿಯಲ್ಲಿ ನಮಗೆ ಒಂದೇ ಮನೆ. ನನ್ನ ಅಕ್ಕ ಸುಂದರವ್ವನದು. ಅವಳ ಹೊಸ್ತಿಲು ನಾನು ತುಳಿದಿಲ್ಲ, ನನ್ನ ಹೊಸ್ತಿಲು ಅವಳು ತುಳಿದಿಲ್ಲ, ಹತ್ತೊಂಬತ್ತು ವರ್ಷ. ನೀನು ಆಗ ಕಾಲೇಜಿನಲ್ಲಿದ್ದೆ, ಪೂರ್ತಿ ಗೊತ್ತಿರಲಿಕ್ಕಿಲ್ಲ. ನಿನ್ನ ಅಜ್ಜ ತನ್ನ ಕೈಯಿಂದ ಬರೆದಿಟ್ಟ ವಂಶಾವಳಿಯ ಹಾಳೆ ಇದೆಯಲ್ಲ, ಏಳು ತಲೆಮಾರು, ಎಲ್ಲ ಗಂಡಸರ ಹೆಸರು, ಕಪ್ಪು ಶಾಯಿ. ಅವರು ತೀರಿಕೊಂಡ ವರ್ಷದ ದಿನ ಬೀಗರೆಲ್ಲ ಊಟಕ್ಕೆ ಕೂತಾಗ ನಾನು ಅದನ್ನು ತೆಗೆದು ತೋರಿಸಲು ಹೋದೆ. ನನ್ನ ಹೆಸರಿನ ಪಕ್ಕದಲ್ಲಿ ನೀಲಿ ಶಾಯಿಯಲ್ಲಿ "ಸುಂದರವ್ವ" ಎಂದಿತ್ತು! ಮಗಳಿಗೂ ಪಾಲು ಎಂಬ ಕಾಯ್ದೆ ಬಂದ ಮರುವರ್ಷ ಅದು. ಅಪ್ಪನ ಕೊನೆಯ ದಿನಗಳಲ್ಲಿ ಅವಳು ಬಂದು ಹೋಗಿ ಮಾಡುತ್ತಿದ್ದಳು. ಬೇರೆ ಶಾಯಿ ಎಂದರೆ ಬೇರೆ ಕೈ. ಎಲ್ಲರ ಮುಂದೆ ಹೇಳಿದೆ, ನೀನೇ ಬರೆದುಕೊಂಡಿದ್ದೀ ಎಂದು. ಅವಳು ಗಂಗಾಳ ಸರಿಸಿ ಎದ್ದು ಹೋದಳು. ನಿನ್ನ ಅವ್ವ ಕೈಯಲ್ಲಿ ಸಾರಿನ ಪಾತ್ರೆ ಹಿಡಿದು ಹಾಗೇ ನಿಂತಿದ್ದಳು.

ಅಂಥ ಮನೆಗೆ ನನ್ನ ಹೆಂಡತಿ ಪ್ರತಿ ತಿಂಗಳು ಯಾಕೆ ಹೋದಳು? ಅಲ್ಲಿ ಏನು ನಡೆದಿತ್ತು? ಆ ಬಿಳಿ ಹಾಳೆಯಲ್ಲಿ ಏನಿತ್ತು?

ಆನ್ಸರ್ ಮಿ.

ಗುರುಲಿಂಗಪ್ಪ


ಮುದ್ದೇಬಿಹಾಳ,
9 ಏಪ್ರಿಲ್ 2025

ಅಪ್ಪಾ,

ಸಿಟ್ಟು ಇಳಿಯಲಿ ಎಂದು ಸುಮ್ಮನಿದ್ದೆ. ನನ್ನ ಸಿಟ್ಟು, ನಿಮ್ಮದಲ್ಲ.

ತಾರೀಖಿನ ವಿಷಯ ಮೊದಲು. ನೀವು ಒಂದು ಚೀಟಿಯನ್ನು ಎತ್ತಿ ಫೋಲ್ಡರಿಗೆ ಹಾಕಿದರೆ, ಅದರ ಕಡೆಗೆ ದಾರಿ ತೋರಿಸುವ ಬೇರೆ ಚೀಟಿಗಳೆಲ್ಲ ತಮ್ಮಲ್ಲಿನ ವಿಳಾಸವನ್ನು ತಾವೇ ಬದಲಿಸಿಕೊಳ್ಳುತ್ತವೆ. ಆ್ಯಪ್ ಮಾಡುವ ಕೆಲಸ ಅದು. ಒಂಬತ್ತನೇ ತಾರೀಖು ನೀವು ಸರಿಸಿದಿರಿ, ಒಂಬತ್ತನೇ ತಾರೀಖು ಅವು ತಿದ್ದಿಕೊಂಡವು. ಆ ಅರವತ್ತೊಂದರ ಮೇಲೆ ಇರುವುದು ನಿಮ್ಮದೇ ಕೈ.

ಬಿಳಿ ಹಾಳೆಯ ವಿಷಯ. ಚೀಟಿ ನಾಶವಾದರೂ ಅದರ ಹೆಸರು ಬೇರೆ ಚೀಟಿಯಲ್ಲಿ ಉಳಿಯುತ್ತದೆ. ಒತ್ತಿದರೆ ಬಿಳಿ ಹಾಳೆ ಬರುತ್ತದೆ. ನೂರ ಹನ್ನೆರಡು ನಾಶ ಮಾಡಿದವರು ಯಾರೆಂದು ನಿಮ್ಮ ಫೆಬ್ರವರಿಯ ಕಾಗದದಲ್ಲಿ ನೀವೇ ಬರೆದಿದ್ದೀರಿ. ಕಾರ್ಬನ್ ತೆಗೆದು ನೋಡಿರಿ. ಆ ಅಜ್ಜಿಯರ ಚೀಟಿಯೂ ಅದರಲ್ಲೇ ಹೋಗಿದೆ.

ಅವ್ವ ಬಾಗೇವಾಡಿಗೆ ಹೋಗುತ್ತಿದ್ದದ್ದು ನನಗೆ ಗೊತ್ತಿತ್ತು. ಯಾಕೆಂದು ಗೊತ್ತಿರಲಿಲ್ಲ. ಕೇಳಿದರೆ "ಸುಮ್ನ" ಎನ್ನುತ್ತಿದ್ದಳು. ಸುಳ್ಳು ಹೇಳಿದ್ದು ಹೌದು. ಅದೊಂದಕ್ಕೆ ಮಾತ್ರ ನಾನು ತಪ್ಪಿತಸ್ಥೆ.

ನಿಮ್ಮ ಮಾರ್ಚ್ ಕಾಗದ ಬಂದ ಮೇಲೆ ಅವಳ ಫೋನು ತೆರೆದೆ. ಸಿಮ್ ತೆಗೆದಿಟ್ಟಿದ್ದೆ, ನವೆಂಬರಿನಿಂದ ಇಂಟರ್‌ನೆಟ್ಟಿಗೆ ಜೋಡಿಸಿಲ್ಲ. ಹಾಗಾಗಿ ಅದರಲ್ಲಿ ನಾನೂರ ಹದಿನೇಳೂ ಇದ್ದ ಹಾಗೇ ಇವೆ. "ಇವರಿಗೆ ಹೇಳಬಾರದು" ಚೀಟಿಯೂ ಇದೆ. ನೋಡಿದೆ. ಅದರಲ್ಲಿ ಏನಿದೆ ಎಂದು ನಾನು ಬರೆಯುವುದಿಲ್ಲ. ಬರೆದರೆ, ಇದು ನಿನ್ನ ಅಕ್ಷರ ಎನ್ನುತ್ತೀರಿ. ಸಿಂದಗಿಯ ಕುತುಬುದ್ದೀನ ಕಾಕಾ ಇಲ್ಲಿ ಒಂದು ಮದುವೆಗೆ ಬಂದಿದ್ದರು. ಅವರ ಕೈಯಲ್ಲಿ ಫೋನನ್ನೇ ಕಳಿಸಿದ್ದೇನೆ, ಸಿಂದಗಿಗೆ ಹೋಗಿ ತೆಗೆದುಕೊಳ್ಳಿರಿ. ಡಬ್ಬಿಗೆ ಅರಗು ಹಚ್ಚಿ ಸೀಲ್ ಮಾಡಿದ್ದೇನೆ, ಪರೀಕ್ಷಿಸಿಕೊಳ್ಳಿರಿ. ಯಾವ ಕಾರಣಕ್ಕೂ ಇಂಟರ್‌ನೆಟ್ಟಿಗೆ ಜೋಡಿಸಬೇಡಿರಿ. ಜೋಡಿಸಿದರೆ ನಿಮ್ಮ ವಿಲೇವಾರಿ ಅದರೊಳಗೂ ಹೊಕ್ಕು ಉಳಿದದ್ದನ್ನೂ ಅಳಿಸುತ್ತದೆ.

ಕೊನೆಯ ಮಾತು. ನೀವು ಪಾಸ್‌ವರ್ಡ್ ಬದಲಿಸುವ ಮೊದಲು ಒಮ್ಮೆ ಒಳಗೆ ಹೋಗಿ ನೋಡಿದ್ದೆ. ನೋಡಿದೆ, ಮುಟ್ಟಲಿಲ್ಲ. ನನ್ನ ಚೀಟಿ ಹುಡುಕಿದೆ. ಮುದ್ದೇಬಿಹಾಳ ತಾಲ್ಲೂಕು, ಹಿರೇಗೌಡರ ಮನೆತನ, ಸೊಸೆಯಂದಿರು. ಅಲ್ಲಿ ಸಿಕ್ಕೆ. ಅವ್ವ "ಮೃತರು" ಎಂಬ ಫೋಲ್ಡರಿನಲ್ಲಿದ್ದಳು. ಇಂಡಿಯ ನಮ್ಮ ಮನೆಯ ಫೋಲ್ಡರು ತೆರೆದೆ. ಅದರಲ್ಲಿ ನೀವೊಬ್ಬರೇ ಇದ್ದಿರಿ.

ವಿದ್ಯಾವತಿ


ಇಂಡಿ,
20 ಮೇ 2025

ವಿದ್ಯಾ,

ಸಿಂದಗಿಗೆ ಹೋಗಲು ತಡ ಮಾಡಿದೆ. ಬಿಸಿಲು ಎಂದು ನೆಪ ಹೇಳಿಕೊಂಡೆ. ಹೆದರಿಕೆ ಎಂದು ಬರೆದರೆ ಸರಿ.

ಕುತುಬುದ್ದೀನ ಬಸ್ ಸ್ಟ್ಯಾಂಡಿನ ಎದುರಿನ ಚಹಾದಂಗಡಿಯಲ್ಲಿ ಕಾಯುತ್ತಿದ್ದ. ರೆಕಾರ್ಡ್ ರೂಮಿನಲ್ಲಿ ಇಪ್ಪತ್ತು ವರ್ಷ ನನ್ನ ಗಂಟು ಹೊತ್ತವನು. ಡಬ್ಬಿಯನ್ನು ಎರಡೂ ಕೈಯಿಂದ ಟೇಬಲ್ಲಿನ ಮೇಲಿಟ್ಟ.

"ಸಾಹೇಬ್ರ, ಇದರಾಗ ಏನ್ ಬಾಂಬ್ ಐತೇನ್ರಿ? ವಿದ್ಯಾ ಅಕ್ಕಾವ್ರು ಮೂರು ಸಲ ಹೇಳ್ಯಾರ, ಯಾರ ಕೈಯಾಗೂ ಕೊಡಬ್ಯಾಡ್ರಿ ಅಂತ."

ನಾನು ಅರಗಿನ ಸೀಲನ್ನು ತಿರುಗಿಸಿ ತಿರುಗಿಸಿ ನೋಡಿದೆ. ಅವನು ನಕ್ಕ. ಅವನಿಗೆ ಎಲ್ಲ ಹೇಳಿದೆ, ತಾರೀಖು, ಬಿಳಿ ಹಾಳೆ, ನಿನ್ನ ಮೇಲಿನ ಕೇಸು.

"ನೂರಾ ಹನ್ನೆಡ್ಡು ಚೀಟಿ ಸುಟ್ಟಾವ್ರು ಯಾರ್ರಿ?"

"ನಾನು."

"ಮತ್ತ ಕಳ್ಳರು ಯಾರ್ರಿ?"

"ದಟ್ ಈಸ್ ನಾಟ್ ದ ಪಾಯಿಂಟ್, ಕುತುಬುದ್ದೀನ."

"ಅದ ಪಾಯಿಂಟ್ರಿ. ಎಂಬತ್ತೊಂಬತ್ತರಾಗೂ ಹಿಂಗ ಮಾಡಿದ್ರಿ. ಡಿ ವರ್ಗ ಅಂತ ಗಂಟು ನನ್ನ ತಲಿ ಮ್ಯಾಲ ಹೊರಿಸಿ ಬೆಂಕಿಗೆ ಹಾಕಿಸಿದ್ರಿ. ಮರುವಾರ ಅದ ಕಾಗದ ಕೇಳ್ಕೋತ ಒಂದು ಮುದುಕಿ ಬಂತು. ಆವಾಗ ನೀವು ನನ್ನ ಕಿಸೆ ತಪಾಸ್ ಮಾಡಿದ್ರಿ."

ನನಗೆ ನೆನಪಿತ್ತು. ಅವನಿಗೆ ನೆನಪಿಲ್ಲ ಎಂದುಕೊಂಡಿದ್ದೆ.

ಫೋನನ್ನು ಅಲ್ಲಿ ತೆರೆಯಲಿಲ್ಲ. ಮನೆಗೆ ತಂದು, ಅವಳು ಕೂತು ಮಾತಾಡುತ್ತಿದ್ದ ಅಡಿಗೆಮನೆಯ ಮಣೆಯ ಮೇಲೆ ಕೂತು ತೆರೆದೆ. ಚೀಟಿಯಲ್ಲಿ ಇದ್ದದ್ದು ಒಂದೇ ಸಾಲು: "ಪೆನ್ನು ನನ್ನದು." ಕೆಳಗೆ ದನಿ ಕೇಳುವ ಗುರುತು ಇತ್ತು; ಉಳಿದ ಮಾತನ್ನು ಅವಳು ಅಕ್ಷರ ಮಾಡಿಸದೆ ದನಿಯಲ್ಲೇ ಇಟ್ಟಿದ್ದಳು. ಸಾಲು ಎಣಿಸಿ ವರ್ಗ ಮಾಡಿದವನಿಗೆ ಅದು ಕಂಡೇ ಇರಲಿಲ್ಲ. ಒತ್ತಿದೆ.

"ಮಾವನವರ ಪೆನ್ನಿನಾಗ ಶಾಯಿ ತೀರಿತ್ತು. ಸುಂದರವ್ವನ ಹೆಸರು ಬರೀಬೇಕು, ನಿನ್ನ ಪೆನ್ನು ತಾ ಅಂದ್ರು. ಕೊಟ್ಟೆ. ತಾವ ಬರೆದ್ರು. ಇವರು ಮಂದ್ಯಾಗ ಎದ್ದು ನಿಂತಾಗ ನಾ ಹೇಳಬೇಕಿತ್ತು. ಹೇಳಿದ್ರ, ಇಬ್ಬರೂ ಕೂಡೇ ಮಾಡೀರಿ ಅಂತಿದ್ರು. ಬಾಯಿ ಬರಲಿಲ್ಲ. ಸಾರಿನ ಪಾತ್ರಿ ಕೈಯಾಗ ಇತ್ತು."

ಆಮೇಲೆ ಕುಕ್ಕರು ಕೂಗುತ್ತದೆ. ಅವಳು ಎದ್ದು ಹೋಗುತ್ತಾಳೆ. ಖಾಲಿ ಅಡಿಗೆಮನೆ ಸ್ವಲ್ಪ ಹೊತ್ತು ಕೇಳಿಸುತ್ತದೆ. ನಡುವೆ ದೂರದಿಂದ ನನ್ನದೇ ದನಿ: "ಯಾರ ಜೋಡಿ ಮಾತಾಡಾಕತ್ತಿ?"

ನಿನ್ನ ಅಪ್ಪ ಎಂಥವನೆಂದರೆ, ಇಷ್ಟು ಕೇಳಿದ ಮೇಲೂ ಎದ್ದು ಹೋಗಿ ವಂಶಾವಳಿ ತೆಗೆದ. ಭೂತಗನ್ನಡಿ ಹಿಡಿದು ನೋಡಿದ. ಸುಂದರವ್ವ ಎಂಬುದರ ಕೊನೆಯ ಒತ್ತಿಗೆ ಬಾಲ ಉದ್ದ ಇದೆ, ಸ್ವಲ್ಪ ಮೇಲಕ್ಕೆ ತಿರುಗಿದೆ. ನಿನ್ನ ಅಜ್ಜ ಎಲ್ಲ ಒತ್ತಕ್ಷರಗಳನ್ನೂ ಹಾಗೇ ಎಳೆಯುತ್ತಿದ್ದರು. ಪಕ್ಕದಲ್ಲೇ ನನ್ನ ಹೆಸರಿನ "ಪ್ಪ"ದಲ್ಲೂ ಅದೇ ಬಾಲ. ಹತ್ತೊಂಬತ್ತು ವರ್ಷ ನಾನು ಶಾಯಿಯ ಬಣ್ಣ ನೋಡಿದೆ, ಕೈ ನೋಡಲಿಲ್ಲ.

ನಿನ್ನನ್ನು ಕಳ್ಳಿ ಎಂದೆ. ಸಾರಿ ಎಂಬ ಶಬ್ದ ಸಣ್ಣದು, ಒಂದು ಸಾಲು ಕೂಡ ಆಗುವುದಿಲ್ಲ. ಡಿ ವರ್ಗಕ್ಕೆ ಹಾಕಬೇಡ.

ನಿನ್ನ ಚೀಟಿಯನ್ನೂ ಅವ್ವನ ಚೀಟಿಯನ್ನೂ ಆ ಫೋಲ್ಡರುಗಳಿಂದ ಹೊರಗೆ ತಂದಿದ್ದೇನೆ. ಎಲ್ಲಿಡಬೇಕು ಎಂದು ತಿಳಿಯಲಿಲ್ಲ. ಸದ್ಯಕ್ಕೆ ಎಲ್ಲಿಯೂ ಇಟ್ಟಿಲ್ಲ. ಬೇಸಿಗೆ ರಜೆ ಮುಗಿಯುವುದರೊಳಗೆ ನೀನು ಬಂದು ಫೋನಿನಲ್ಲಿದ್ದದ್ದನ್ನು ಕಂಪ್ಯೂಟರಿಗೆ ಇಳಿಸಿಕೊಡು. ನಾನು ಪಕ್ಕದಲ್ಲಿ ಕೂತಿರುತ್ತೇನೆ, ಕೈ ಹಚ್ಚುವುದಿಲ್ಲ. ಹೊಸ ಪಾಸ್‌ವರ್ಡು ಬೇರೆ ಹಾಳೆಯಲ್ಲಿ ಇಟ್ಟಿದ್ದೇನೆ.

ಈ ಕಾಗದಕ್ಕೆ ಕಾರ್ಬನ್ ಇಟ್ಟಿಲ್ಲ.

ನಿನ್ನ ಅಪ್ಪ


ಇಂಡಿ,
20 ಜೂನ್ 2025

ಅಕ್ಕಾ,

ನಿನಗೆ ಕಾಗದ ಹೇಗೆ ಶುರು ಮಾಡಬೇಕು ಎಂಬುದನ್ನೇ ಮರೆತಿದ್ದೇನೆ. ನಾಲ್ಕು ಹಾಳೆ ಹರಿದು ಹಾಕಿದೆ.

ನನ್ನ ಮನೆಯವಳು ಸುಮಿತ್ರಾ ನನಗೆ ಹೇಳದೆ ಹೋದದ್ದು, ಆ ಪೆನ್ನಿನ ಮಾತು, ಈಗ ಗೊತ್ತಾಯಿತು. ನಿನಗೆ ಮೊದಲೇ ಗೊತ್ತಿತ್ತು ಎಂದು ನನ್ನ ಸಂಶಯ. ಇದೊಂದು ಸಂಶಯ ನಿಜವಾಗಿರಲಿ. ಇಲ್ಲವಾದರೆ ಹದಿನೆಂಟು ವರ್ಷ ಅವಳು ಅದನ್ನು ಒಬ್ಬಳೇ ಹೊತ್ತಂತಾಯಿತು.

ಜುಲೈ ಏಳು, ತಿಂಗಳ ಮೊದಲ ಸೋಮವಾರ. ಒಂಬತ್ತು ಹತ್ತರ ಗಾಡಿಗೆ ಹೊರಡುತ್ತೇನೆ. ನೀನು ಬಾಗಿಲು ತೆರೆಯದಿದ್ದರೆ ಅಲ್ಲಿಂದಲೇ ತಿರುಗುತ್ತೇನೆ, ಮನಸ್ಸಿನಲ್ಲಿ ಏನೂ ಇಟ್ಟುಕೊಳ್ಳುವುದಿಲ್ಲ. ಅಪ್ಪನ ವಂಶಾವಳಿ ತರುತ್ತೇನೆ. ನಿನ್ನ ಹೆಸರಿನ ಕೆಳಗೆ ಜಾಗ ಖಾಲಿ ಇದೆ. ನಿನ್ನ ಮಕ್ಕಳು, ಮೊಮ್ಮಕ್ಕಳ ಹೆಸರು ನನಗೆ ಎಲ್ಲ ಗೊತ್ತಿಲ್ಲ. ನೀನು ಹೇಳು, ಮಂದಿ ಮುಂದೆ ಕೂತು ಬರೆಯುತ್ತೇನೆ. ನನ್ನ ಹೆಸರಿನ ಕೆಳಗೂ ಒಂದು ಹೆಸರು ಬರೆಯುವುದಿದೆ.

ಗುರುಲಿಂಗಪ್ಪ


ಬಸವನ ಬಾಗೇವಾಡಿ,
28 ಜೂನ್ 2025

(ಪೋಸ್ಟ್ ಕಾರ್ಡು)

ಗುರಲಿಂಗಾ,

ಒಂಬತ್ತು ಹತ್ತರ ಗಾಡಿ ಈಗಿಲ್ಲ. ಎಂಟೂವರಿಗೆ ಬಿಡ್ತೈತಿ. ಲಗೂ ಏಳು.

ಊಟಕ್ಕ ಇರು. ಆವತ್ತ ಅರ್ಧಕ್ಕ ಎದ್ದದ್ದು ನಾ ಮರೆತಿಲ್ಲ. ಈ ಸಲ ಪೂರಾ ಉಣ್ಣೂಣು, ಇಬ್ಬರೂ.

ಬದನಿಕಾಯಿ ಮಾಡಂಗಿಲ್ಲ. ಸುಮಿತ್ರಾ ಹೇಳ್ಯಾಳ.

ಹಾಳಿ ತಾ. ಪೆನ್ನು ತರಬ್ಯಾಡ. ಆ ಪೆನ್ನು ಆಕಿ ನನ್ನ ಹಂತ್ಯಾಕ ಕೊಟ್ಟು ಹೋಗ್ಯಾಳ. ಇನ್ನೂ ಬರೀತೈತಿ.

ಸುಂದರವ್ವ